ವರ್ಡ್‌ಪ್ರೆಸ್‌ನಿಂದ ಹ್ಯೂಗೋಗೆ ಹೋದ ಮೇಲೆ ಫೀಡ್ ಕೆಟ್ಟರೆ ಎಲ್ಲಿ ನೋಡಬೇಕು

ರಾತ್ರಿ ಒಂಬತ್ತೂವರೆ ಇರಬೇಕು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನ ಪುಟ್ಟ ಅಂಗಡಿಯ ಶಟರ್ ಎಳೆದು ಗಾಡಿ ಹತ್ತುತ್ತಿದ್ದೆ. ಮಧುಗಿರಿಯಿಂದ ಮೇಷ್ಟ್ರ ಫೋನು.

"ಏನಪ್ಪಾ ಮಾಡ್ದೆ? ಗ್ರೂಪಲ್ಲಿ ಟಣ್ ಟಣ್ ಅಂತ ಒಂದೇ ಸಮ ಬತ್ತಾ ಐತೆ. ಆವತ್ತಿನ ಕಾಲದಲ್ಲಿ ಬರೆದದ್ದೆಲ್ಲಾ ಬತ್ತಾ ಐತೆ. ಜನ ಬೈತಾವ್ರೆ."

"ಹತ್ತು ನಿಮಿಷ ಕೊಡಿ ಮೇಷ್ಟ್ರೇ" ಅಂದು ಶಟರ್ ಮತ್ತೆ ಎತ್ತಿದೆ. ಹತ್ತು ನಿಮಿಷ ಸಾಲಲಿಲ್ಲ.

ಮೇಷ್ಟ್ರು ನಿವೃತ್ತರು. ಹನ್ನೊಂದು ವರ್ಷದಿಂದ ಕೋಟೆ, ಕಲ್ಯಾಣಿ, ನಮ್ಮ ಕಡೆಯ ಹಳೇ ಮಾತು ಅಂತ ವರ್ಡ್‌ಪ್ರೆಸ್ ಬ್ಲಾಗಿನಲ್ಲಿ ಬರೆಯುತ್ತಾ ಬಂದಿದ್ದಾರೆ. ನಾನೂರು ಬರಹ ಆಗಿತ್ತು. ವರ್ಡ್‌ಪ್ರೆಸ್ ನಿಧಾನ, ಅಪ್‌ಡೇಟ್ ಕಾಟ ಜಾಸ್ತಿ ಅಂತ ನಾನೇ ಹೇಳಿ, ಮೂರು ದಿನದ ಹಿಂದೆ ಎಲ್ಲವನ್ನೂ ಹ್ಯೂಗೋಗೆ ಸಾಗಿಸಿದ್ದೆ. ಬರಹಗಳಿಂದ ಪುಟಗಳನ್ನು ಮೊದಲೇ ಕಟ್ಟಿ (ಬಿಲ್ಡ್ ಮಾಡಿ) ಸ್ಥಿರ ಸೈಟಾಗಿ ಇಡುವ ಸಾಧನ ಅದು. ಡೊಮೈನ್ ಅದೇ, ಹೋಸ್ಟಿಂಗೂ ಅದೇ. ಸೈಟು ತೆರೆದರೆ ಕ್ಷಣದಲ್ಲಿ ಬರುತ್ತಿತ್ತು. ಮೇಷ್ಟ್ರು ಖುಷಿ, ನಾನೂ ಖುಷಿ.

ಆದರೆ ಪಾವಗಡದ ಓದುಗರೊಬ್ಬರು "ಸಾಗಿಸಿದ ಮೇಲೆ ನನ್ನ ರೀಡರ್‌ಗೆ ಏನೂ ಬರ್ತಿಲ್ಲ" ಅಂದಿದ್ದರು. (ಫೀಡ್ ಅಂದರೆ ಸೈಟಿನ ಬರಹಗಳ ಪಟ್ಟಿ ಇರುವ ಫೈಲು, ರೀಡರ್ ಅಂದರೆ ಅದನ್ನು ಆಗಾಗ ನೋಡಿ ಹೊಸದನ್ನು ತೋರಿಸುವ ಆ್ಯಪ್.) ಒಮ್ಮೆ ತೆಗೆದು ಮತ್ತೆ ಸೇರಿಸಿ ನೋಡಿ ಅಂತ ಸುಮ್ನೆ ಹೇಳಿ ಕಳಿಸಿದ್ದೆ. ಟೆಲಿಗ್ರಾಂ ಗುಂಪಿಗೆ ಹೊಸ ಬರಹ ತಳ್ಳುವ ಬಾಟ್ ಕೂಡ ಸುಮ್ಮನಿತ್ತು. ಅದು ನಾನೇ ಬರೆದ ಪುಟ್ಟ ಪ್ರೋಗ್ರಾಂ. ಹೊಸ ಫೀಡ್ ವಿಳಾಸ ಗೊತ್ತಿಲ್ಲ, ಅದಕ್ಕೇ ಅಂದುಕೊಂಡು ಆ ಸಂಜೆ ಅದರಲ್ಲಿ ವಿಳಾಸ ಬದಲಿಸಿದೆ. ಅಷ್ಟೇ. ಒಂದು ಗುಂಪಿಗೆ ಬಾಟ್ ನಿಮಿಷಕ್ಕೆ 20ಕ್ಕಿಂತ ಜಾಸ್ತಿ ಸಂದೇಶ ಕಳಿಸದಂತೆ ಟೆಲಿಗ್ರಾಂ ತಡೆಯುತ್ತದೆ. ನಾನೂರು ಬರಹ ಅಂದರೆ ಇಪ್ಪತ್ತು ನಿಮಿಷದ ಟಣ್ ಟಣ್.

ಬಾಟ್ ನಿಲ್ಲಿಸಿ ಕೂತು ಯೋಚಿಸಿದೆ. ಒಂದೇ ಸ್ಥಳಾಂತರದಿಂದ ಒಬ್ಬರಿಗೆ ಏನೂ ಬರುತ್ತಿಲ್ಲ, ಇನ್ನೊಬ್ಬರಿಗೆ ಎಲ್ಲಾ ಬರುತ್ತಿದೆ. ಇವು ಎರಡು ಬೇರೆ ಬೇರೆ ರೋಗ. ಫೀಡ್ ರೀಡರ್‌ಗೆ ನಿಮ್ಮ ಸೈಟು ಕಾಣುವುದೇ ಇಲ್ಲ. ಅದು ನೆನಪಿಟ್ಟುಕೊಳ್ಳುವುದು ಎರಡನ್ನು ಮಾತ್ರ: ಫೀಡ್ ಸಿಗುವ ವಿಳಾಸ, ಮತ್ತು ಪ್ರತಿ ಬರಹಕ್ಕೂ ಇರುವ ಗುರುತು. ವಿಳಾಸ ತಪ್ಪಿದರೆ ಮೌನ. ಗುರುತು ತಪ್ಪಿದರೆ ಪ್ರವಾಹ. ಹಾಗಾಗಿ ದೂರು ಬಂದಾಗ ಮೊದಲು ಕೇಳಬೇಕಾದ್ದು ಇಷ್ಟೇ: ಏನೂ ಬರ್ತಿಲ್ವಾ, ಇಲ್ಲಾ ಎಲ್ಲಾ ಮತ್ತೆ ಬಂತಾ?

ಇಲ್ಲೇ ಇನ್ನೊಂದು ಮಾತು. ಎರಡೂ ರೋಗ ಒಟ್ಟಿಗೆ ಇದ್ದರೆ ಮೌನವನ್ನು ಮೊದಲು ವಾಸಿ ಮಾಡಬೇಡಿ. ಪಾವಗಡದವರ ದೂರು ಬಂದ ದಿನವೇ ನಾನು ಹಳೇ ವಿಳಾಸದಿಂದ ಹೊಸದಕ್ಕೆ ದಾರಿ ಸರಿಮಾಡಿದ್ದರೆ ಏನಾಗುತ್ತಿತ್ತು? ಗುಂಪಿಗೆ ಆದದ್ದು ಎಲ್ಲಾ ಚಂದಾದಾರರಿಗೂ ಆಗುತ್ತಿತ್ತು. ನನ್ನ ಸೋಮಾರಿತನವೇ ಅವರನ್ನೆಲ್ಲ ಕಾಪಾಡಿತು. ಮೊದಲು ಗುರುತು, ಆಮೇಲೆ ದಾರಿ.

(ವಿಳಾಸ, ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.)

ಎಲ್ಲಾ ಮತ್ತೆ ಬಂತು ಅಂದರೆ

ಹಳೇ ಫೀಡ್‌ನ ಒಂದು ಪ್ರತಿ ಕೈಯಲ್ಲಿರಬೇಕು. ನನ್ನ ಹತ್ತಿರ ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಫೈಲ್ ಇತ್ತು. ಅದೂ ಸಾಕು. ಯಾವುದಾದರೂ ಒಂದೇ ಬರಹವನ್ನು ಹಳೆಯದರಲ್ಲೂ ಹೊಸದರಲ್ಲೂ ಹುಡುಕಿ, ಅದರ ಗುರುತು ಇರುವ ಜಿಯುಐಡಿ ಅನ್ನೋ ಟ್ಯಾಗನ್ನು ಪಕ್ಕಪಕ್ಕ ಇಟ್ಟು ನೋಡಿ. ನಾನು ನಾಮದ ಚಿಲುಮೆಯ ಬರಹ ತೆಗೆದೆ. ಹಳೆಯದರಲ್ಲಿ ಡೊಮೈನ್ ಆದ ಮೇಲೆ ಒಂದು ಪ್ರಶ್ನೆ ಚಿಹ್ನೆ, ಪಿ, ಸಮ ಚಿಹ್ನೆ, 412. ಹೊಸದರಲ್ಲಿ ಬರಹದ ಪೂರ್ತಿ ವಿಳಾಸ, ಕನ್ನಡ ತಲೆಬರಹದ ಸಮೇತ. ಓದುವ ನಮಗೆ ಎರಡೂ ಒಂದೇ ಬರಹ. ರೀಡರ್‌ಗೆ ಇದು ಯಾವತ್ತೂ ನೋಡದ ಹೊಸ ಬರಹ.

ಇದರಲ್ಲಿ ಯಾರ ಮೋಸವೂ ಇಲ್ಲ. ವರ್ಡ್‌ಪ್ರೆಸ್ ಬರಹ ಹುಟ್ಟಿದಾಗಲೇ ಆ ಗುರುತನ್ನು ಡೇಟಾಬೇಸಿನಲ್ಲಿ ಬರೆದು ಇಟ್ಟುಬಿಡುತ್ತದೆ. ಹ್ಯೂಗೋ ತನ್ನ ಜತೆ ಬರುವ, ಫೀಡ್ ತಯಾರಿಸುವ ಆರ್‌ಎಸ್‌ಎಸ್ ಟೆಂಪ್ಲೇಟ್‌ನಲ್ಲಿ ಬರಹದ ಈಗಿನ ವಿಳಾಸವನ್ನೇ ಗುರುತಾಗಿ ಕೊಡುತ್ತದೆ. ಇಬ್ಬರೂ ಸರಿ. ಸಾಗಿಸುವವನು ನೋಡಬೇಕಿತ್ತು. 2005ರಲ್ಲಿ ಬಂದ ಆಟಮ್ ಅನ್ನೋ ಇನ್ನೊಂದು ಬಗೆಯ ಫೀಡ್‌ನ ನಿಯಮದಲ್ಲಿ ಇದನ್ನು ಬಿಡಿಸಿ ಹೇಳಿದೆ: ಫೀಡ್ ಎಲ್ಲಿಗೆ ಹೋದರೂ, ಏನರಿಂದ ಏನಕ್ಕೆ ಬದಲಾದರೂ ಗುರುತು ಬದಲಾಗಬಾರದು. ಅದನ್ನು ನಾನು ಹಿಂದೊಮ್ಮೆ ಓದಿದ್ದೆ ಅನ್ನೋದು ಇನ್ನೂ ನಾಚಿಕೆ.

ಸರಿಮಾಡುವ ಬಗೆ ಹೀಗೆ. ಎಕ್ಸ್‌ಪೋರ್ಟ್ ಫೈಲಿನಲ್ಲಿ ಪ್ರತಿ ಬರಹದ ಜತೆಗೂ ಜಿಯುಐಡಿ ಇರುತ್ತದೆ. ಅದನ್ನು ಹೆಕ್ಕಿ ಆಯಾ ಮಾರ್ಕ್‌ಡೌನ್ ಫೈಲಿನ ತಲೆಭಾಗದಲ್ಲಿ ಅದೇ ಹೆಸರಿನ ಒಂದು ಸಾಲಾಗಿ ಸೇರಿಸಬೇಕು. ಹ್ಯೂಗೋದ ಆರ್‌ಎಸ್‌ಎಸ್ ಟೆಂಪ್ಲೇಟನ್ನು ನಿಮ್ಮ ಲೇಔಟ್ಸ್ ಫೋಲ್ಡರ್‌ಗೆ ನಕಲು ಮಾಡಿಕೊಂಡು, ಜಿಯುಐಡಿ ಸಾಲಿನಲ್ಲಿ ಒಂದು ಷರತ್ತು ಹಾಕಿ: ತಲೆಭಾಗದಲ್ಲಿ ಹಳೇ ಗುರುತು ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಈಗಿನ ವಿಳಾಸ ಕೊಡು. ಹೊಸ ಬರಹಗಳು ಹೊಸ ಪದ್ಧತಿಯಲ್ಲೇ ಹೋಗುತ್ತವೆ, ತೊಂದರೆ ಇಲ್ಲ.

ಗುರುತನ್ನು ಅಕ್ಷರಕ್ಕೆ ಅಕ್ಷರ ಹಾಗೇ ಇಡಿ. ಮೇಷ್ಟ್ರ ಹಳೇ ಬರಹಗಳ ಗುರುತು ಎಚ್‌ಟಿಟಿಪಿ ಅಂತ ಶುರು, ಎಸ್ ಇಲ್ಲ. ಆಗ ಸೈಟಿಗೆ ಸರ್ಟಿಫಿಕೇಟ್ ಇರಲಿಲ್ಲ. ಈಚಿನವು ಎಚ್‌ಟಿಟಿಪಿಎಸ್. ಎಲ್ಲಾ ಒಂದೇ ಥರ ಕಾಣಲಿ ಅಂತ ಎಸ್ ಸೇರಿಸೋಕೆ ಕೈ ತುರಿಸುತ್ತದೆ. ಸೇರಿಸಿದರೆ ಅದು ಬೇರೆ ಗುರುತು. ಇದು ವಿಳಾಸ ಅಲ್ಲ, ಬಾಯಲ್ಲಿ ವಿಳಾಸದ ಹಾಗೆ ಕೇಳುವ ಹೆಸರು.

ಅದೇ ಕಾರಣಕ್ಕೆ ಆ ಟ್ಯಾಗಿಗೆ ಈಸ್-ಪರ್ಮಾಲಿಂಕ್ ಅನ್ನೋ ಗುಣವನ್ನು ಫಾಲ್ಸ್ ಅಂತ ಹಾಕಲೇಬೇಕು. ಹಾಕದಿದ್ದರೆ ಟ್ರೂ ಅಂತಲೇ ಅರ್ಥ. ನಾನು ಮೊದಲ ಸಲ ಮರೆತಿದ್ದೆ. ನನ್ನ ರೀಡರ್‌ನಲ್ಲಿ ಬರಹದ ಮೇಲೆ ಒತ್ತಿದರೆ ಯಾವುದನ್ನು ಒತ್ತಿದರೂ ಮುಖಪುಟ ಬರುತ್ತಿತ್ತು. ತಲೆ ಕೆಟ್ಟಿತು. ಆಮೇಲೆ ಹೊಳೆಯಿತು: ಪ್ರಶ್ನೆ ಚಿಹ್ನೆಯ ನಂತರದ್ದನ್ನು ಸ್ಥಿರ ಸೈಟು ಕಿವಿಗೇ ಹಾಕಿಕೊಳ್ಳುವುದಿಲ್ಲ, ಹಾಗಾಗಿ ಎಲ್ಲಾ ದಾರಿಯೂ ಮುಖಪುಟಕ್ಕೇ.

ಪ್ರವಾಹಕ್ಕೆ ಇನ್ನೊಂದು ಕಾಲುವೆ ಇದೆ. ವರ್ಡ್‌ಪ್ರೆಸ್ ಫೀಡ್‌ನಲ್ಲಿ ಮಾಮೂಲಾಗಿ ಕಾಣುವುದು ಈಚಿನ 10 ಬರಹ. ಹ್ಯೂಗೋದಲ್ಲಿ ಸಂಖ್ಯೆ ಹೇಳದಿದ್ದರೆ ಮಿತಿಯೇ ಇಲ್ಲ. ಸೆಟ್ಟಿಂಗಿನಲ್ಲಿ ಅದರ ಬೆಲೆ ಮೈನಸ್ 1. ಹಾಗಾಗಿ ಗುರುತು ಸರಿ ಇದ್ದರೂ, ರೀಡರ್ ಯಾವತ್ತೂ ಕಾಣದ ಹಳೇ ಬರಹಗಳು ಹೊಸದಾಗಿಯೇ ನುಗ್ಗುತ್ತವೆ. ಕಾನ್ಫಿಗ್ ಫೈಲಿನಲ್ಲಿ ಸರ್ವೀಸಸ್, ಅದರೊಳಗೆ ಆರ್‌ಎಸ್‌ಎಸ್, ಅದರೊಳಗೆ ಲಿಮಿಟ್ ಅಂತ 10 ಕೊಡಿ. ಹಳೆಯದು ಎಷ್ಟಿತ್ತೋ ಅಷ್ಟೇ ಇರಲಿ. ಮುಖಪುಟದ ಫೀಡ್‌ಗೆ ಯಾವ ವಿಭಾಗದ್ದು ಸೇರಬೇಕು ಅಂತಲೂ ಅದೇ ಟೆಂಪ್ಲೇಟಿನಲ್ಲಿ ಹೇಳಬೇಕು. ನಾನು ಹೇಳಿರಲಿಲ್ಲ. "ನನ್ನ ಬಗ್ಗೆ" ಪುಟ ಕೂಡ ಗುಂಪಿಗೆ ಹೋಗಿತ್ತು. ಮೇಷ್ಟ್ರ ಹುಟ್ಟೂರು, ಓದು, ಹವ್ಯಾಸ ಎಲ್ಲಾ ರಾತ್ರಿ ಒಂಬತ್ತು ಮುಕ್ಕಾಲಿಗೆ.

ಮಿತಿ ಹತ್ತೇ ಇರುವುದರಿಂದ ಒಂದು ಲಾಭವೂ ಇದೆ. ನಾನೂರು ಬರಹಕ್ಕೂ ಗುರುತು ಹಾಕಲು ಸಮಯ ಇಲ್ಲ ಅಂದರೆ ಕೊನೆಯ ಹತ್ತಕ್ಕೆ ಮೊದಲು ಹಾಕಿ. ಕಿಟಕಿಯಲ್ಲಿ ಕಾಣುವುದು ಅಷ್ಟೇ. ಆ ರಾತ್ರಿ ನಾನು ಕೈಯಲ್ಲೇ ಹತ್ತು ಹಾಕಿ ಮನೆಗೆ ಹೋದೆ, ಮಿಕ್ಕದ್ದನ್ನು ಮಾರನೇ ದಿನ ಸ್ಕ್ರಿಪ್ಟ್ ಮಾಡಿತು.

ಪ್ರವಾಹ ಆಗಿಹೋದ ಮೇಲೆ ಗುರುತನ್ನು ವಾಪಸ್ ತರಬೇಕಾ? ನನ್ನ ಪ್ರಕಾರ, ಆಗಿ ಒಂದೆರಡು ದಿನವಾಗಿದ್ದರೆ ತನ್ನಿ. ರೀಡರ್‌ಗಳ ನೆನಪಿನಲ್ಲಿ ಹಳೇ ಗುರುತು ಇನ್ನೂ ಇರುತ್ತದೆ. ತಿಂಗಳಾಗಿದ್ದರೆ ಬಿಟ್ಟುಬಿಡಿ. ಕೆಲವು ರೀಡರ್‌ಗಳು ಹಳೆಯದನ್ನು ಮರೆತಿರುತ್ತವೆ, ಸರಿಮಾಡಲು ಹೋಗಿ ಎರಡನೇ ಪ್ರವಾಹ ಬರುತ್ತದೆ. ಹೋದದ್ದನ್ನು ವಾಪಸ್ ಕರೆಸಿಕೊಳ್ಳುವ ದಾರಿಯಂತೂ ಇಲ್ಲ.

ಏನೂ ಬರ್ತಿಲ್ಲ ಅಂದರೆ

ಬ್ರೌಸರ್ ಮುಚ್ಚಿ. ಈ ವಿಷಯದಲ್ಲಿ ಅದರಷ್ಟು ಸುಳ್ಳು ಹೇಳುವ ಸಾಕ್ಷಿ ಇನ್ನೊಂದಿಲ್ಲ. ನಾನು ಹಳೇ ವಿಳಾಸ, ಅಂದರೆ ಡೊಮೈನ್ ಮುಂದೆ /ಫೀಡ್/, ಬ್ರೌಸರ್‌ನಲ್ಲಿ ಹಾಕಿದಾಗ ಅದು ಸೀದಾ ಹೊಸ ಫೀಡ್ ಇರುವ /ಇಂಡೆಕ್ಸ್.ಎಕ್ಸ್‌ಎಂಎಲ್‌ಗೆ ಹೋಗುತ್ತಿತ್ತು. ಸರಿಯಾಗಿದೆ ಅಲ್ವಾ ಅಂದುಕೊಂಡಿದ್ದೆ.

ಸರ್ವರ್ ಕೊಡುವ ಉತ್ತರವನ್ನು ಹಾಗೇ ತೋರಿಸುವ ಕರ್ಲ್ ಆದೇಶಕ್ಕೆ ಅಡ್ಡಗೆರೆ, ದೊಡ್ಡ ಐ ಹಾಕಿ ಅದೇ ವಿಳಾಸ ಕೊಟ್ಟೆ. ಬರಬೇಕಿದ್ದದ್ದು 301 (ಬೇರೆ ವಿಳಾಸಕ್ಕೆ ಹೋಗು). ಬಂದದ್ದು 200 (ಕೇಳಿದ್ದು ಇಲ್ಲೇ ಇದೆ), ಜತೆಗೆ "ಟೆಕ್ಸ್ಟ್/ಎಚ್‌ಟಿಎಂಎಲ್". ಅಂದರೆ ಅಲ್ಲಿ ಒಂದು ಮಾಮೂಲಿ ಪುಟ ಕೂತಿದೆ. ಹ್ಯೂಗೋದಲ್ಲಿ ಏಲಿಯಾಸ್ ಅಂತ ಕೊಟ್ಟರೆ ಅದು ಸರ್ವರ್‌ಗೆ ಏನೂ ಹೇಳುವುದಿಲ್ಲ. ಆ ಜಾಗದಲ್ಲಿ ಒಂದು ಪುಟ್ಟ ಪುಟ ಮಾಡಿ, ಅದರೊಳಗೆ "ಇಲ್ಲಿಂದ ಅಲ್ಲಿಗೆ ಹೋಗು" ಅಂತ ಮೆಟಾ ರಿಫ್ರೆಶ್ ಬರೆದಿಡುತ್ತದೆ. ಬ್ರೌಸರ್ ಅದನ್ನು ಓದಿ ಪಾಲಿಸುತ್ತದೆ. ಫೀಡ್ ರೀಡರ್ ಎಕ್ಸ್‌ಎಂಎಲ್ (ಫೀಡ್ ಬರೆಯುವ ರೂಪ) ಕೇಳಿತ್ತು, ಸಿಕ್ಕಿದ್ದು ಎಚ್‌ಟಿಎಂಎಲ್, ಕೈಬಿಟ್ಟಿತು. ಪಾವಗಡದವರ ಮೂರು ದಿನದ ಮೌನಕ್ಕೆ ಇದೇ ಕಾರಣ. ಏಲಿಯಾಸ್ ಬರಹಗಳಿಗೆ ಒಳ್ಳೆಯದು, ಫೀಡ್‌ಗೆ ಬೇಡ.

ಅದನ್ನು ತೆಗೆದು ನಮ್ಮ ಸೈಟು ನಡೆಸುವ ಅಪಾಚೆ ಸರ್ವರಿನ .ಎಚ್‌ಟಿಆಕ್ಸೆಸ್ ಫೈಲಿನಲ್ಲಿ ನಿಜವಾದ ಮರುದಾರಿ ಹಾಕಲು ಹೋದೆ. ರಿಡೈರೆಕ್ಟ್ 301, ಆಮೇಲೆ /ಫೀಡ್, ಆಮೇಲೆ /ಇಂಡೆಕ್ಸ್.ಎಕ್ಸ್‌ಎಂಎಲ್. ಕರ್ಲ್ ಈಗ 301 ಅಂತು. ಲೊಕೇಶನ್ ಸಾಲನ್ನು ಕಣ್ಣಿಟ್ಟು ನೋಡಿದರೆ ಕೊನೆಯಲ್ಲಿ ಒಂದು ಓರೆಗೆರೆ ಜಾಸ್ತಿ: /ಇಂಡೆಕ್ಸ್.ಎಕ್ಸ್‌ಎಂಎಲ್/. ಅಲ್ಲಿ ಏನೂ ಇಲ್ಲ, 404. ರಿಡೈರೆಕ್ಟ್ ಅನ್ನೋ ಆದೇಶ ವಿಳಾಸದ ಮೊದಲ ಭಾಗ ಮಾತ್ರ ಹೋಲಿಸಿ, ಉಳಿದ ಬಾಲವನ್ನು ಹಾಗೇ ಹೊಸದಕ್ಕೆ ಅಂಟಿಸುತ್ತದೆ. /ಫೀಡ್/ ಕೇಳಿದವರಿಗೆ ಓರೆಗೆರೆ ಬಾಲ, /ಫೀಡ್/ಆಟಮ್/ ಕೇಳಿದವರಿಗೆ ಇನ್ನೂ ಉದ್ದದ ಬಾಲ. ರಿಡೈರೆಕ್ಟ್‌ಮ್ಯಾಚ್ ಬಳಸಿ, ಶುರುವಿಗೆ ಟೋಪಿ ಚಿಹ್ನೆ, ಕೊನೆಗೆ ಡಾಲರ್ ಚಿಹ್ನೆ ಹಾಕಿ ಎರಡೂ ಕಡೆ ಬಿಗಿ ಮಾಡಿದರೆ ಬಾಲ ಬರುವುದಿಲ್ಲ.

ಪರೀಕ್ಷೆ ಮುಗಿಯುವವರೆಗೆ 302 (ತಾತ್ಕಾಲಿಕ ಮರುದಾರಿ) ಇಟ್ಟುಕೊಳ್ಳಿ. 301 ಅಂದರೆ ಶಾಶ್ವತವಾಗಿ ಮನೆ ಬದಲಿಸಿದೆ ಅಂತ. ಎಷ್ಟೋ ರೀಡರ್‌ಗಳು ಅದನ್ನು ನಂಬಿ ತಮ್ಮ ಪಟ್ಟಿಯಲ್ಲೇ ವಿಳಾಸ ತಿದ್ದಿಕೊಳ್ಳುತ್ತವೆ. ತಪ್ಪು ವಿಳಾಸಕ್ಕೆ 301 ಕೊಟ್ಟರೆ ಅವರು ತಪ್ಪು ಮನೆಗೇ ಹೋಗಿ ಬಾಗಿಲು ತಟ್ಟುತ್ತಿರುತ್ತಾರೆ. ಹಾಗಂತ 302ರಲ್ಲೇ ಬಿಟ್ಟರೆ ಯಾರೂ ಯಾವತ್ತೂ ಹೊಸ ವಿಳಾಸ ಕಲಿಯುವುದಿಲ್ಲ.

ಎಷ್ಟು ಹಳೇ ವಿಳಾಸಕ್ಕೆ ದಾರಿ ಹಾಕಬೇಕು? ಊಹೆ ಮಾಡಬೇಡಿ, ಯಾರು ಯಾವ ವಿಳಾಸ ಕೇಳಿದರು ಅಂತ ಬರೆದಿಡುವ ಸರ್ವರ್ ಲಾಗ್ ಕೇಳಿ. ಹಿಂದಿನ ಒಂದು ತಿಂಗಳ ಲಾಗ್‌ನಲ್ಲಿ ಫೀಡ್ ಅನ್ನೋ ಪದ ಹುಡುಕಿದೆ. /ಫೀಡ್/ ನಿರೀಕ್ಷೆ ಇತ್ತು. /ಫೀಡ್/ಆಟಮ್/ ಕೇಳುವವರೂ ಇದ್ದರು. ಒಂದು ವಿಭಾಗದ ಫೀಡ್ ಮಾತ್ರ ಕೇಳುವವರು ಒಬ್ಬರು. ಮತ್ತೆ ಒಂದಿಬ್ಬರು ಪ್ರಶ್ನೆ ಚಿಹ್ನೆ, ಫೀಡ್, ಸಮ, ಆರ್‌ಎಸ್‌ಎಸ್2 ಅನ್ನೋ ಪುರಾತನ ರೂಪ. ಈ ಕೊನೆಯದು ಹಟಮಾರಿ. ರಿಡೈರೆಕ್ಟ್‌ಮ್ಯಾಚ್ ಪ್ರಶ್ನೆ ಚಿಹ್ನೆಯ ನಂತರದ್ದನ್ನು ನೋಡುವುದೇ ಇಲ್ಲ. ಅದಕ್ಕೆ ರೀರೈಟ್‌ಕಾಂಡ್‌ನಲ್ಲಿ ಕ್ವೆರಿ ಸ್ಟ್ರಿಂಗ್ ಹೋಲಿಸಿ ಬೇರೆ ನಿಯಮ ಬರೆಯಬೇಕು.

ಲಾಗ್‌ನಲ್ಲಿ ಇನ್ನೊಂದು ಮಜಾ ಇದೆ. ಫೀಡ್ಲಿ ಥರದ ರೀಡರ್ ಸೇವೆಗಳು ಬಂದು ಹೋಗುವಾಗ ತಮ್ಮ ಹೆಸರಿನ ಜತೆ ಎಷ್ಟು ಜನ ಚಂದಾದಾರರು ಅಂತಲೂ ಬರೆದು ಹೋಗುತ್ತವೆ. ಮೇಷ್ಟ್ರಿಗೆ ಈ ಸಂಖ್ಯೆ ಹೇಳಿದಾಗ "ಅಷ್ಟು ಜನ ಓದ್ತಾವ್ರಾ?" ಅಂತ ಎರಡು ಸಲ ಕೇಳಿದರು.

ದಾರಿ ಎಲ್ಲಾ ಸರಿ ಇದ್ದೂ ಮೌನ ಮುಂದುವರಿದರೆ ಹೋಸ್ಟಿಂಗ್‌ನ ಕಾವಲುಗಾರನ ಮೇಲೆ ಅನುಮಾನ ಪಡಿ. "ನೀವು ಮನುಷ್ಯರೇ?" ಅಂತ ಕೇಳುವ ತಡೆಪುಟ ಫೀಡ್ ವಿಳಾಸಕ್ಕೂ ಹಾಕಿರುತ್ತಾರೆ. ರೀಡರ್ ಮನುಷ್ಯ ಅಲ್ಲವಲ್ಲ, ಉತ್ತರ ಹೇಗೆ ಕೊಟ್ಟೀತು? ಲಾಗ್‌ನಲ್ಲಿ ಬ್ರೌಸರ್‌ಗಳಿಗೆ 200, ರೀಡರ್‌ಗಳಿಗೆ 403 (ಪ್ರವೇಶವಿಲ್ಲ) ಅಂತ ಕಂಡರೆ ಇದೇ. ಫೀಡ್ ವಿಳಾಸಕ್ಕೆ ಮಾತ್ರ ವಿನಾಯಿತಿ ಕೇಳಿ.

ಕನ್ನಡ ತಲೆಬರಹದ ಕಾಟ

ಇದು ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಫೀಡ್ ಸರಿಯಾಗಿ ಬರುತ್ತಿದೆ, ಒತ್ತಿದರೆ ಬರಹ ಸಿಗುತ್ತಿಲ್ಲ ಅಂತ ದೂರು ಬಂತು. ಉದ್ದ ತಲೆಬರಹದವು ಮಾತ್ರ ಕೆಡುತ್ತಿದ್ದವು.

ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ ಯುಟಿಎಫ್-8ರಲ್ಲಿ 3 ಬೈಟ್. ವಿಳಾಸದೊಳಗೆ ಹೋದಾಗ ಒಂದೊಂದು ಬೈಟ್‌ಗೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ, ಒಟ್ಟು 9. "ಕೋ" ಅಂದರೆ ಕ ಬೇರೆ, ಓತ್ವ ಬೇರೆ, ಅಲ್ಲಿಗೇ 18. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಕೊಟ್ಟಿರುವ ಜಾಗ 200. ಭಾಗಿಸಿ ನೋಡಿ, 22 ಚಿಹ್ನೆ ಆಗುವಷ್ಟರಲ್ಲಿ ಕತ್ತರಿ ಬೀಳುತ್ತದೆ. "ಮಧುಗಿರಿ ಬೆಟ್ಟದ ಮೇಲಿನ ಕೋಟೆ" ಅಂತ ಬರೆಯುವಷ್ಟರಲ್ಲಿ ಅದು ಮುಗಿದೇ ಹೋಯಿತು. ಹಳೇ ಸೈಟಿನ ಉದ್ದ ವಿಳಾಸಗಳೆಲ್ಲ ಹೀಗೆ ಬಾಲ ಕತ್ತರಿಸಿಕೊಂಡವು. ನಾನು ಹ್ಯೂಗೋಗೆ ತಲೆಬರಹದಿಂದ ಹೊಸದಾಗಿ ವಿಳಾಸ ಮಾಡು ಅಂದಿದ್ದೆ. ಅದು ಪೂರ್ತಿ ತಲೆಬರಹ ಇಟ್ಟಿತು. ಹಳೆಯದಕ್ಕೂ ಹೊಸದಕ್ಕೂ ತಾಳೆ ಆಗಲಿಲ್ಲ.

ಇನ್ನೊಂದು ಕಣ್ಣಿಗೇ ಕಾಣದ್ದು. "ಕಲ್‌ಬಾವಿ" ಅಂತ ಬರೆಯುವಾಗ ಲ್ ಮತ್ತು ಬ ಕೂಡಿಕೊಂಡು ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಅಗಲವಿಲ್ಲದ ಚಿಹ್ನೆ ಇರುತ್ತದೆ. ಟೈಪ್ ಮಾಡುವವರಿಗೇ ಅದು ಗೊತ್ತಿರುವುದಿಲ್ಲ. ಹಳೇ ವಿಳಾಸದಲ್ಲಿ ಅದು ಇತ್ತು, ಹೊಸದರಲ್ಲಿ ಮಾಯ. ಎರಡು ವಿಳಾಸ ಪಕ್ಕದಲ್ಲಿಟ್ಟು ಎಷ್ಟು ಹೊತ್ತು ನೋಡಿದರೂ ವ್ಯತ್ಯಾಸ ಹತ್ತಲಿಲ್ಲ. ಶೇಕಡಾ ರೂಪಕ್ಕೆ ತಿರುಗಿಸಿದ ಮೇಲೇ ಒಂಬತ್ತು ಅಕ್ಷರ ಕಡಿಮೆ ಇರುವುದು ಸಿಕ್ಕಿಬಿದ್ದದ್ದು. ಹ್ಯೂಗೋಗೆ ತಲೆಬರಹದಿಂದ ವಿಳಾಸ ಮಾಡಲು ಬಿಡಬೇಡಿ. ಎಕ್ಸ್‌ಪೋರ್ಟ್ ಫೈಲಿನಲ್ಲಿರುವ ಹಳೇ ವಿಳಾಸವನ್ನೇ ಯುಆರ್‌ಎಲ್ ಅಂತ ತಲೆಭಾಗದಲ್ಲಿ ಹಾಕಿ, ಒಂದೊಂದನ್ನೂ ಕರ್ಲ್‌ನಿಂದ ಕೇಳಿ ನೋಡಿ. ಹೊಸ ಬರಹಗಳಿಗೆ ಚಿಕ್ಕ ಇಂಗ್ಲಿಷ್ ವಿಳಾಸ ಕೊಡಿ ಅಂತ ಮೇಷ್ಟ್ರಿಗೆ ಹೇಳಿದ್ದೇನೆ. ಅವರಿಗೆ ಇಷ್ಟವಿಲ್ಲ. ಕನ್ನಡವೇ ಇರಲಿ, ಚಿಕ್ಕದಿರಲಿ ಅಂತ ರಾಜಿ ಆಯಿತು.

ಚಿಲ್ಲರೆ ದೂರುಗಳು

ಬರಹ ಅರ್ಧ ಮಾತ್ರ ಬರ್ತಿದೆ ಅಂದರೆ ಅದು ಹ್ಯೂಗೋದ ಸಾರಾಂಶ. ಮಾಮೂಲಾಗಿ ಸುಮಾರು 70 ಪದ. ಅದೇ ಟೆಂಪ್ಲೇಟಿನಲ್ಲಿ ಸಮ್ಮರಿ ತೆಗೆದು ಕಂಟೆಂಟ್ ಹಾಕಿ.

ಫೀಡ್ ನಿನ್ನೆವರೆಗೆ ಚೆನ್ನಾಗಿದ್ದು ಇವತ್ತು ಪೂರ್ತಿ ನಿಂತರೆ ಕೊನೆಗೆ ಹಾಕಿದ ಬರಹ ನೋಡಿ. ವರ್ಡ್ ಫೈಲಿನಿಂದ ಎತ್ತಿ ಅಂಟಿಸಿದಾಗ ಕಾಣದ ನಿಯಂತ್ರಣ ಚಿಹ್ನೆ ಬಂದು ಸೇರುತ್ತದೆ. ಎಕ್ಸ್‌ಎಂಎಲ್‌ಗೆ ಅಂಥ ಒಂದು ಚಿಹ್ನೆ ಸಾಕು, ಇಡೀ ಫೀಡೇ ಅಮಾನ್ಯ. ಡಬ್ಲ್ಯು3ಸಿಯ ಫೀಡ್ ವ್ಯಾಲಿಡೇಟರ್‌ಗೆ ವಿಳಾಸ ಕೊಟ್ಟರೆ ಯಾವ ಸಾಲು ಅಂತ ತೋರಿಸುತ್ತದೆ.

ಕೊನೆಯದು ನಮ್ಮ ಗಡಿಯಾರದ್ದು. ಎಲ್ಲಾ ಸರಿಯಾಯಿತು ಅಂದುಕೊಂಡ ಮೇಲೆ ಮೇಷ್ಟ್ರು ಬೆಳಿಗ್ಗೆ ಹತ್ತಕ್ಕೆ ಒಂದು ಬರಹ ಹಾಕಿದರು. ಫೀಡ್‌ನಲ್ಲಿ ಇಲ್ಲ, ಸೈಟಿನಲ್ಲೂ ಇಲ್ಲ. ನಾನು ಸಂಜೆ ನಾಲ್ಕಕ್ಕೆ ಬೇರೆ ಏನೋ ತಿದ್ದಿ ಮತ್ತೆ ಬಿಲ್ಡ್ ಮಾಡಿದೆ, ಪ್ರತ್ಯಕ್ಷ! ದಿನಾಂಕದ ಸಾಲಿನಲ್ಲಿ 10:00 ಅಂತ ಇತ್ತು, ಯಾವ ದೇಶದ ಹತ್ತು ಅಂತ ಇರಲಿಲ್ಲ. ಹ್ಯೂಗೋ ಅದನ್ನು ಯುಟಿಸಿ (ವಿಶ್ವ ಪ್ರಮಾಣ ಸಮಯ) ಅಂದುಕೊಂಡಿತು. ಅಂದರೆ ನಮ್ಮ ಮಧ್ಯಾಹ್ನ ಮೂರೂವರೆ. ಬರಲಿರುವ ಕಾಲದ ಬರಹವನ್ನು ಅದು ಬಿಲ್ಡ್ ಮಾಡುವುದಿಲ್ಲ. ಕಾನ್ಫಿಗ್‌ನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತ ಒಂದು ಸಾಲು ಸೇರಿಸಿದೆ.

ಮಾರನೇ ದಿನ ಹತ್ತು ಗಂಟೆಗೆ ಮಿಡಿಗೇಶಿ ಕೋಟೆಯ ಬರಹ ಹಾಕಿದರು. ಫೋನಿನಲ್ಲೇ ಇದ್ದರು. ಅವರ ಕಡೆಯಿಂದ ಒಂದು ಟಣ್ ಕೇಳಿಸಿತು. ಇನ್ನೊಂದು ಬರುತ್ತಾ ಅಂತ ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು.

"ಒಂದೇ ಕಣಪ್ಪಾ" ಅಂದರು ಮೇಷ್ಟ್ರು.